ಬಂದೇ, ಹಾ

ಸೇಡಂ ರೋಡಿನ ಪ್ಯಾಡೆಲ್ ಅಂಗಳಕ್ಕ
ನಸಕಿನ್ಯಾಗ ಕೀಲಿ ತೆಗೆಯೋದು ನನ್ನ ಕೆಲಸ.
ಹಳೇ ಪೇಪರ್ ಉಂಡಿ ಮಾಡಿ ಗಾಜಿನ ಗ್ವಾಡಿ ಒರಸೋದು,
ರಾತ್ರಿ ಆಡಿದವರ ಚಂಡಿನ ಗುರುತು
ಬೂದಿ ಬೆರಳು ಒತ್ತಿದಂಗ ಅಲ್ಲಲ್ಲಿ ಮೂಡಿರ್ತಾವ.
ನೀಲಿ ಹಾಸಿನ ಮ್ಯಾಲಿನ ಮರಳು ಹರವೋದು,
ನಲವತ್ತೆರಡು ಹಳೇ ಚಂಡು ಬಕೀಟಿಗಿ ತುಂಬೋದು.
ಆರೂವರಿಗಿ ಡಾಕ್ಟರ್ ಮಂದಿ ಬರ್ತಾರ.
ಅಲ್ಲೀತನಕ ಅಂಗಳ ನಂದು, ಮತ್ತ
ಯಾರೋ ಬಿಟ್ಟುಹೋದ, ಅಂಚು ಸೀಳಿದ, ತೂತಿನ ಬ್ಯಾಟು.
ಲೈಟ್ ಹಚ್ಚಂಗಿಲ್ಲ, ಅಷ್ಟೇ. ಮಾಲಕ್ರು ಮೀಟರ್ ನೋಡ್ತಾರ.

ಹೈದರಾಬಾದಿಂದ ಕೋಚ್ ಒಬ್ಬ ಬಂದು
ಎಂಟು ದಿನ ಇದ್ದು ಹೋದ.
ತಲಿ ಮ್ಯಾಲಿಂದ ಹೊಡಿಯೋ ಏಟು ಕಲಸ್ತಿದ್ದ.
ಕೊಲ್ಲಬ್ಯಾಡ್ರಿ, ಅಂತಿದ್ದ.
ಎತ್ತರಕ್ಕ ಎದ್ದ ಚಂಡು ಕಂಡ್ರ ಎಲ್ಲರಿಗೂ ಕೊಲ್ಲೋ ಮನಸಾಗ್ತದ,
ಕೊಂದ ಚಂಡು ಗಾಜಿಗಿ ಬಡದು ಎದ್ದು ನಿಮ್ಮ ಮ್ಯಾಲೇ ಬರ್ತದ.
ಇದು ಬರೇ ಜಾಗಾ ಕಾಯ್ಕೊಳ್ಳೋ ಏಟು.
ಹೆಸರು ಬಂದೇಹಾ.
ಸ್ಪೇನ್ ದೇಶದಾಗ ಹಂಗಂದ್ರ ಟ್ರೇ, ಚಹಾ ಹೊರೋ ಟ್ರೇ.

ನಾ ಹೊರಗ ಪೈಪ್ ಹಿಡದು ನೀರು ಬಿಡ್ತಿದ್ದೆ.
ಬಿಟ್ಟ ನೀರು ಒಂದೇ ಕಡಿ ಹರೀತು.

ಹನ್ನೊಂದು ವರ್ಷ, ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲ್‌ನ್ಯಾಗ,
ಮೂಲಿ ಟೇಬಲ್ಲಿಂದ ಯಾರರೆ ಕೂಗಿದ್ರ
ನನ್ನ ಬಾಯಿಂದ ಬರ್ತಿದ್ದದ್ದು ಒಂದೇ ಮಾತು:
ಬಂದೇ, ಹಾ!
ಬಂದೇ, ಹಾ. ಎರಡು ಸುಸಲಾ, ನಾಕು ಮಿರ್ಚಿ.
ಬಂದೇ, ಹಾ. ಸಕ್ರಿ ಕಮ್ಮಿ ಒಂದು.
ಟ್ರೇ ಹೆಗಲಿಗಿಂತ ನಾಕು ಬಟ್ಟು ಮ್ಯಾಲ,
ಅಂಗೈ ಛತ್ತಿಗಿ ಮುಖ ಮಾಡಿ,
ಶಾಬಾದ ಫರಸಿ ಮ್ಯಾಲ ಚೆಲ್ಲಿದ ನೀರು ಕಾಲಿಗೇ ಗೊತ್ತು,
ಕಣ್ಣು ಬ್ಯಾರೆ ಕಡಿ.
ಒಮ್ಮೆ ಮಾತ್ರ ಬೀಳಿಸೀನಿ.
ದಿನಾ ಎಲ್ಲರೂ ‘ಏ ತಮ್ಮಾ’ ಅನ್ನೋರು;
ಅವತ್ತು ಯಾರೋ ‘ಸೈಬಣ್ಣಾ’ ಅಂದಂಗಾತು.
ಅವಸರದಾಗ ತಿರುಗಿದೆ. ಆರು ಗ್ಲಾಸು.
ಕೂಗಿದವರು ಯಾರಂತ ಇವತ್ತಿಗೂ ಗೊತ್ತಿಲ್ಲ.

ಒಬ್ಬನೇ ಆಡೋದ್ರಾಗ ಒಂದು ತೊಡಕದ:
ಚಂಡು ಎತ್ತಿ ಕೊಡೋರು ಇಲ್ಲ.
ಎಡಗೈಲೇ ತೂರಬೇಕು, ಅದೇ ಎಡಗೈ
ಮತ್ತ ಆಕಾಶಕ್ಕ ಬಟ್ಟು ಮಾಡಿ ನಿಲ್ಲಬೇಕು,
ಇಟ್ಟಾಂವನೇ ಹುಡುಕಿದಂಗ.
ಅಡ್ಡ ತಿರುಗು. ಹಿಂದ ಸರಿ. ಒಂದು, ಎರಡು,
ಕಾಯಿ.
ಕಾಯೋದೇ ಬರವಲ್ದು.
ನಾ ತೂರಿದ್ದು ಎಲ್ಲಿ ಬೀಳ್ತದ ನನಗ ಮೊದಲೇ ಗೊತ್ತು;
ಗೊತ್ತಿದ್ದದ್ದಕ್ಕೇ ಕೈ ಮುಂದ ಓಡ್ತದ.
ಮೊದಲನೇದು ನೆಟ್ಟಿಗಿ. ಎರಡನೇದು ನೆಟ್ಟಿಗಿ.
ಏಳನೇದು ಆಚಿ ಗಾಜು ಸವರಿ
ಸುಮ್ಮ ಮೂಲ್ಯಾಗ ಕುಂತುಬಿಡ್ತು,
ಬಿಲ್ಲು ಕೊಟ್ಟೂ ಏಳದ ಗಿರಾಕಿಯಂಗ.
ಅದನ್ನ ಯಾರೂ ನೋಡಲಿಲ್ಲ.
ಮೇ ತಿಂಗಳು. ಐದೂವರಿಗೇ ಒಲಿ ಮುಂದ ನಿಂತಂಗ.
ಹೆಗಲು ಸುಡಲತ್ತಿತು.

ಮೂವತ್ತೆಂಟನೇದು ಬ್ಯಾಟಿನ ಅಂಚಿಗಿ ತಾಕಿ ಬೇಲಿ ಹಾರಿತು.
ಹೊರಗ ದಾಲ್ ಮಿಲ್ಲಿನ ರಾತ್ರಿ ಪಾಳಿ ಬಿಟ್ಟಿತ್ತು.
ತೊಗರಿ ಧೂಳಿಗಿ ಹುಬ್ಬು ಹಳದಿಯಾದ ಹಮಾಲ ಒಬ್ಬ
ಸೈಕಲ್ ನಿಲ್ಲಿಸಿ, ಚಂಡು ಎತ್ತಿ, ಯಾಕೋ ಮೂಸಿ ನೋಡಿ,
ಚೀಲ ಒಗೆಯೋ ಕೈಲೇ ಒಗದ.
ಏರಿತು, ಏರಿತು,
ದೀಪದ ಕಂಬ ದಾಟಿ, ಬಿಸಲು ಮೊದಲು ಮುಟ್ಟೋ ಎತ್ತರಕ್ಕ.
ನಾ ತೂರದ ಚಂಡು.
ಎಲ್ಲಿ ಬೀಳ್ತದ ಗೊತ್ತಿಲ್ಲದ ಚಂಡು.
ಎಡಗೈ ತಾನೇ ಎದ್ದಿತು. ಕಾಲು ತಾನೇ ಅಡ್ಡ ತಿರುಗಿತು.
ಬಾಯಿ ನನ್ನ ಕೇಳದನೇ ಅಂದಿತು:
ಬಂದೇ, ಹಾ!

ಕಾದೆ.
ಎಷ್ಟು ಕಾದೆ ಅಂದ್ರ, ಅದು ಹೆಗಲು ದಾಟಿ ಹಿಂದ ಬಿದ್ದು,
ಆಗಷ್ಟೇ ಒರಸಿದ ಗಾಜಿಗಿ ಬಡದು,
ನನ್ನ ಕಾಲಾಗ ಬಂದು ಉಳ್ಳಾಡ್ತು.

ಬೇಲಿ ಆಚಿ ಅಂವ ನಕ್ಕ.
ಸೈಕಲ್ ಸ್ಟ್ಯಾಂಡ್ ಹಚ್ಚಿ, ಕೈ ಝಾಡಿಸಿ,
‘ಇಲ್ಲಿ ಕೊಡ್ರಿ, ಮತ್ತ ಒಗೀತೀನಿ’ ಅಂದ.